ಹನ್ನೆರಡು ಕಂತು, ಎಂಟು ತಿಂಗಳ ಕಡಲು

ಭಾಗ 1/10

ಈ ಸಲ ಫೋಟೋಗಿಂತ ಕ್ಯಾಪ್ಷನ್ನೇ ಉದ್ದ. ಹತ್ತು ಪೋಸ್ಟ್ ಇದೆ, ಟೈಮ್ ಇದ್ದಾಗ ಓದಿ. ಬಿಕಾಂ ಓದ್ತಿರೋರಿಗೆ ಇದು ಸಿಲಬಸ್ ಒಳಗಿನ ವಿಷಯ. ಉಳಿದವರಿಗೆ, ಮನೆಯಲ್ಲಿ ಯಾರಾದ್ರೂ ಸ್ವಂತ ದುಡಿಮೆ ಮಾಡ್ತಿದ್ರೆ, ಮನೆ ವಿಷಯ.

ನಾನು ಹೇಳೋಕೆ ಹೊರಟಿರೋದು ಇಷ್ಟೇ. ಸೀಸನ್ ಇರೋ ಆಸ್ತಿ ಕೆಟ್ಟ ಆಸ್ತಿ ಅಲ್ಲ. ಅದನ್ನ ತಿಂಗಳ ಸಂಬಳದ ಕ್ಯಾಲೆಂಡರ್ ಹಿಡ್ಕೊಂಡು ಅಳೀತೀವಲ್ಲ, ತಪ್ಪಿರೋದು ಆ ಅಳತೆಯಲ್ಲಿ.

ಫೋಟೋದಲ್ಲಿರೋದು ನಮ್ಮ ಮಾವನ ದೋಣಿ. ಅಮ್ಮನ ತಮ್ಮ. ಊರು ಗಂಗೊಳ್ಳಿ, ಕುಂದಾಪುರದ ಪಕ್ಕ. ಫೈಬರ್ ದೋಣಿ, ಇಬ್ಬರು ಹೋಗೋವಷ್ಟು ಸಣ್ಣದು. ಹಿಂದೆ ಒಂದು ಸಣ್ಣ ಎಂಜಿನ್, ಒಳಗೆ ಮಡಚಿಟ್ಟಿರೋ ಒಂದು ಹಾಯಿ. ಮೇಲೆ ಹೊದಿಸಿರೋದು ತೆಂಗಿನ ಮಡಲು, ಅದರ ಮೇಲೆ ಟಾರ್ಪಾಲು. ಈ ಫೋಟೋ ತೆಗೆದಿದ್ದು ಜುಲೈನಲ್ಲಿ. ಜುಲೈನಲ್ಲಿ ಈ ದೋಣಿ ನೋಡಿದವರೆಲ್ಲ ಹೇಳೋದು ಒಂದೇ ಮಾತು: "ಇದನ್ನ ಮಾರಿ ಬೆಂಗಳೂರಿಗೆ ಬಂದ್ಬಿಡಿ."

ಆ ಮಾತಿಗೆ ನನ್ನ ಉತ್ತರ ಈ ಹತ್ತು ಪೋಸ್ಟ್.

ಭಾಗ 2/10

ಮೊದಲು ನಮ್ಮ ಕಡೆ ನೋಡೋಣ. ಜಾಲಹಳ್ಳಿಯವರು ನಾವು ಯಾಕೆ ಹೀಗೆ ಯೋಚಿಸ್ತೀವಿ?

ನಮ್ಮ ಏರಿಯಾ ಬೆಳೆದಿದ್ದೇ ತಿಂಗಳ ಸಂಬಳದ ಮೇಲೆ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಆಮೇಲೆ ಪಕ್ಕದಲ್ಲೇ ಪೀಣ್ಯ. ಅಜ್ಜನ ಕಾಲದಿಂದ ಇಲ್ಲಿ ದುಡ್ಡು ಬರೋದು ತಿಂಗಳಿಗೊಂದು ಸಲ. ಹಾಲಿನವರಿಗೆ, ಬಾಡಿಗೆಗೆ, ಚೀಟಿಗೆ, ಸ್ಕೂಲ್ ಫೀಸಿಗೆ ಎಲ್ಲಕ್ಕೂ ಲೆಕ್ಕ ತಿಂಗಳದ್ದೇ. ಹಾಗಾಗಿ "ಒಂದು ತಿಂಗಳು ಆದಾಯ ಇಲ್ಲ" ಅಂದ ತಕ್ಷಣ ನಮಗೆ ಕೇಳಿಸೋದು "ಕೆಲಸ ಹೋಯ್ತು" ಅಂತ.

ಆದ್ರೆ ಗಂಗಮ್ಮ ಗುಡಿ ಸರ್ಕಲ್ ಕಡೆ ಒಂದು ಸುತ್ತು ನಡೆದು ನೋಡಿ. ಬೇಸಿಗೇಲಿ ಕಬ್ಬಿನ ಹಾಲಿನ ಗಾಡಿ. ಡಿಸೆಂಬರ್‌ನಲ್ಲಿ ಅವರೆಕಾಯಿ ರಾಶಿ. ಗಣೇಶನ ಹಬ್ಬಕ್ಕೆ ಮುಂಚೆ ಮಣ್ಣಿನ ಗಣಪತಿ. ಇವರ ಯಾರ ಆದಾಯವೂ ಹನ್ನೆರಡು ಸಮ ಭಾಗ ಆಗಿ ಬರಲ್ಲ. ಪೀಣ್ಯದಲ್ಲಿ ಜಾಬ್ ವರ್ಕ್ ಮಾಡೋ ಸಣ್ಣ ಶೆಡ್ಡಿನ ಮಾಲೀಕರನ್ನ ಕೇಳಿ, ಆರ್ಡರ್ ಇರೋ ತಿಂಗಳು ರಾತ್ರಿ ಪಾಳಿ, ಇಲ್ಲದ ತಿಂಗಳು ಮೆಷಿನ್ ಒರೆಸೋದು.

ಹಾಗಂತ ಸಂಬಳವೇನು ಶಾಶ್ವತನಾ? ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಡ್ತು. ದೇಶಕ್ಕೇ ಟೈಮ್ ತೋರಿಸಿದ ಕಂಪನಿ ಅದು. ಒಂದು ವ್ಯತ್ಯಾಸ ಮಾತ್ರ ಇದೆ. ಕಡಲು ಪ್ರತಿ ವರ್ಷ ಮುಚ್ಚುತ್ತೆ, ಆದ್ರೆ ಮತ್ತೆ ತೆರೆಯುತ್ತೆ.

ಭಾಗ 3/10

ರಾತ್ರಿ ಜಾಲಹಳ್ಳಿ ಕ್ರಾಸಲ್ಲಿ ಕುಂದಾಪುರದ ಕಡೆ ಬಸ್ಸು ಹತ್ತಿದ್ರೆ ಬೆಳಗ್ಗೆ ಊರು. ಅಲ್ಲಿಂದ ಗಂಗೊಳ್ಳಿ ಹತ್ತಿರ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಐದೂ ಒಂದಾಗಿ ಕಡಲಿಗೆ ಸೇರೋ ಜಾಗ. ಅದಕ್ಕೇ ಅಲ್ಲಿನ ಹೊಳೆಗೆ ಪಂಚಗಂಗಾವಳಿ ಅಂತಾರೆ. ಹೊಳೆ ಕಡಲಿಗೆ ಸೇರೋ ಬಾಯಿಗೆ ಅಳಿವೆ ಅಂತ ಹೆಸರು. ಮಾವನ ಇಡೀ ವರ್ಷದ ಭವಿಷ್ಯ ಇರೋದು ಆ ಅಳಿವೆ ದಾಟೋಕೆ ಆಗುತ್ತಾ ಇಲ್ವಾ ಅನ್ನೋದರಲ್ಲಿ.

ಸೆಪ್ಟೆಂಬರ್ ಮಧ್ಯದಿಂದ ಮೇ ಮಧ್ಯದವರೆಗೆ ಸಣ್ಣ ದೋಣಿಯ ಕಾಲ. ನಮ್ಮ ಕರಾವಳಿಯ ಗಾಳಿಗೂ ಆಗ ಒಂದು ಟೈಮ್‌ಟೇಬಲ್ ಇರುತ್ತೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ. ಮಧ್ಯಾಹ್ನ ನೆಲ ಕಾದಿರುತ್ತೆ, ಗಾಳಿ ಕಡಲಿಂದ ನೆಲಕ್ಕೆ. ಏಳನೇ ಕ್ಲಾಸಲ್ಲಿ ನೆಲಗಾಳಿ, ಕಡಲಗಾಳಿ ಅಂತ ಎರಡು ಮಾರ್ಕಿಗೆ ಓದಿದ್ವಲ್ಲ, ಅದೇ. ಹಾಯಿ ಕಾಲದವರು ನಸುಕಿನಲ್ಲಿ ಆ ಗಾಳಿಗೆ ಹೊರಗೆ ಹೋಗಿ, ಮಧ್ಯಾಹ್ನ ಈ ಗಾಳಿಗೆ ವಾಪಸ್ ಬರ್ತಿದ್ರು. ಗಾಳಿಗೆ ಬಿಲ್ ಇರಲಿಲ್ಲ.

ಈಗ ಎಂಜಿನ್ ಬಂದಿದೆ, ಜೊತೆಗೆ ಇಂಧನದ ಖರ್ಚೂ ಬಂದಿದೆ. ಮಾವ ಮಧ್ಯಾಹ್ನ ವಾಪಸ್ ಬರೋವಾಗ ಗಾಳಿ ಸರಿಯಿದ್ರೆ ಎಂಜಿನ್ ಆಫ್ ಮಾಡಿ ಹಾಯಿ ಬಿಚ್ತಾರೆ. ನೋಡೋರಿಗೆ ಅದು ಸುಂದರ ರೀಲ್. ಮಾವನಿಗೆ ಅದು ಉಳಿತಾಯ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವೇರಿಯಬಲ್ ಕಾಸ್ಟ್ ಕಡಿಮೆ ಮಾಡೋ ಒಂದು ತುಂಡು ಬಟ್ಟೆ.

ಭಾಗ 4/10

ಆ ಎಂಟು ತಿಂಗಳೂ ಒಂದೇ ಥರ ಅಂದ್ಕೋಬೇಡಿ.

ನೂಲ ಹುಣ್ಣಿಮೆ ಹೊತ್ತಿಗೆ ಕಡಲಿಗೆ ಹಾಲು, ತೆಂಗಿನಕಾಯಿ ಕೊಟ್ಟು ಸಮುದ್ರ ಪೂಜೆ ಮಾಡ್ತಾರೆ. ದೊಡ್ಡ ಬೋಟುಗಳು ಆಗಸ್ಟ್‌ನಲ್ಲೇ ಹೊರಡುತ್ತವೆ. ಮಾವನ ದೋಣಿ ನೀರಿಗೆ ಇಳಿಯೋ ಹೊತ್ತಿಗೆ ಮಾರ್ಕೆಟ್ಟಲ್ಲಿ ಮೀನು ತುಂಬಿ ರೇಟು ಇಳಿದಿರೋದೂ ಉಂಟು. ಅಕ್ಟೋಬರ್, ನವೆಂಬರ್ ಬಂಗುಡೆಯ ಆಸೆ. ಚಳಿಗಾಲದಲ್ಲಿ ಕಡಲು ಶಾಂತ, ಹೋಗೋಕೆ ಸುಲಭ. ಮಾರ್ಚ್, ಏಪ್ರಿಲ್ ಬಂದ್ರೆ ಎಷ್ಟೋ ವರ್ಷ ದಡದ ಹತ್ತಿರ ಮೀನೇ ಇರಲ್ಲ. ಪೇಪರಿನವರು ಅದಕ್ಕೆ ಮತ್ಸ್ಯಕ್ಷಾಮ ಅಂತ ಹೆಡ್ಡಿಂಗ್ ಕೊಡ್ತಾರೆ. ಹುಡುಕಿಕೊಂಡು ದೂರ ಹೋದ್ರೆ ಇಂಧನ, ಹೋಗದಿದ್ರೆ ಕೈ ಖಾಲಿ.

ಮಧ್ಯೆ ಚಂಡಮಾರುತ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್, ಅದರ ಬೆನ್ನಿಗೇ ಮಹಾ. 2021ರ ಮೇನಲ್ಲಿ ತೌಕ್ತೆ. ಒಳ್ಳೆ ತಿಂಗಳಲ್ಲೇ ದಿನಗಳು ಕಟ್ ಆಗ್ತವೆ.

ಇನ್ನು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಇದು ಒಳ್ಳೆಯದಕ್ಕೇ. ತುಂಬಾ ಜಾತಿ ಮೀನು ಮೊಟ್ಟೆ ಇಡೋ, ಮರಿ ಬೆಳೆಯೋ ಕಾಲ ಅದು. ಪೂರ್ವ ಕರಾವಳಿಗೂ 61 ದಿನವೇ, ಆದ್ರೆ ಅಲ್ಲಿ ಏಪ್ರಿಲ್ 15ರಿಂದ ಜೂನ್ 14. ಸರ್ಕಾರಕ್ಕೇ ಗೊತ್ತು, ಒಂದು ಕಡಲಿನ ಕ್ಯಾಲೆಂಡರ್ ಇನ್ನೊಂದು ಕಡಲಿಗೆ ಆಗಲ್ಲ ಅಂತ.

ಮಂಗಳೂರಿನ ಹಳೇ ಬಂದರು ನೋಡಿ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೊತ್ತು ಹೋಗೋ ಮಂಜಿಗಳು ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಓಡಲ್ಲ. ಒಂದು ಕಾಲದಲ್ಲಿ ಬರೀ ಹಾಯಿ ಮೇಲೆ ಓಡ್ತಿದ್ದ ಹಡಗುಗಳಿವು. ಈಗ ಎಂಜಿನ್ ಹಾಕಿಸ್ಕೊಂಡಿವೆ, ಆದ್ರೂ ಮಳೆಗಾಲಕ್ಕೆ ತಲೆಬಾಗ್ತವೆ.

ಭಾಗ 5/10

"ದೋಣಿ ನಿಂತಿದ್ರೆ ಖರ್ಚೇನು, ಸುಮ್ನೆ ನಿಂತಿರುತ್ತಲ್ಲ?" ಅಂತ ನಮ್ಮ ಕ್ಲಾಸಲ್ಲೇ ಒಬ್ಬ ಕೇಳಿದ.

ಇಲ್ಲ ಮಾರಾಯ. ಸಣ್ಣ ದೋಣಿ ಜಾಸ್ತಿ ದುಡ್ಡು ತಿನ್ನೋದು ನಿಂತಾಗಲೇ.

ಎಂಜಿನ್ ಬಿಚ್ಚಿ ಉಪ್ಪು ತೊಳೆದು ಸರ್ವಿಸ್ ಮಾಡಿಸಬೇಕು. ದೋಣಿ ಅಡಿಗೆ ಅಂಟಿರೋ ಚಿಪ್ಪು ಕೆರೆಯಬೇಕು. ಫೈಬರ್ ಬಿರುಕಿಗೆ ತೇಪೆ ಹಾಕಬೇಕು. ಮರದ ದೋಣಿ ಆದ್ರೆ ಗೇರು ಎಣ್ಣೆ ಹಚ್ಚಬೇಕು, ಇಲ್ಲದಿದ್ರೆ ಹುಳ ತಿನ್ನುತ್ತೆ. ಬಲೆ ಹರಿದಿದ್ದು ಹೊಲಿಯೋದು ಬೇರೆ, ಹೊಸ ಬಲೆ ತರೋದು ಬೇರೆ. ಹಾಯಿ ಬಟ್ಟೆ ಒಣಗಿಸಿ ಇಲಿ ಕಡಿಯದ ಹಾಗೆ ಎತ್ತಿಡಬೇಕು. ಇದೆಲ್ಲ ಆಗೋದು ಒಂದು ರೂಪಾಯಿ ಆದಾಯ ಇಲ್ಲದ ತಿಂಗಳಲ್ಲಿ.

ಅಂದ್ರೆ ಜೂನ್ ಮತ್ತು ಜುಲೈಯ ಲೆಕ್ಕ ಮಾತ್ರ ತೆಗೆದ್ರೆ ದೋಣಿ ಪಕ್ಕಾ ನಷ್ಟ. ಅಕ್ಟೋಬರ್ ಒಂದನ್ನೇ ನೋಡಿದ್ರೆ ಮಾವ ಶ್ರೀಮಂತ. ಎರಡೂ ಸುಳ್ಳು.

ನಮಗೆ ಎಎಸ್ 25 ಇದೆ, ನೆನಪಿದೆಯಾ? ಮಧ್ಯಂತರ ವರದಿಯ ಅಕೌಂಟಿಂಗ್ ಸ್ಟ್ಯಾಂಡರ್ಡ್. ಸೀಸನ್ ಮೇಲೆ ನಡೆಯೋ ವ್ಯವಹಾರ ಆದ್ರೆ ಕಂಪನಿ ತನ್ನ ವರದಿಯಲ್ಲಿ ಆ ಸೀಸನ್ ಬಗ್ಗೆ ವಿವರಣೆ ಕೊಡಬೇಕು ಅನ್ನುತ್ತೆ ಅದು. ಯಾಕೆ? ಒಂದು ಕ್ವಾರ್ಟರ್ ನೋಡಿ ಹೂಡಿಕೆದಾರರು ಹೆದರಿ ಓಡಬಾರದು ಅಂತ. ಐಸ್‌ಕ್ರೀಮ್ ಕಂಪನಿಯ ಮಳೆಗಾಲದ ರಿಸಲ್ಟ್ ನೋಡಿ ಯಾರೂ ಫ್ಯಾಕ್ಟರಿ ಮಾರಿ ಅನ್ನಲ್ಲ. ಫ್ಯಾನ್ ಮಾಡೋ ಕಂಪನಿಗೂ ಅನ್ನಲ್ಲ. ಗಂಗೊಳ್ಳಿಯ ಮಾವನಿಗೆ ಮಾತ್ರ ಜುಲೈನಲ್ಲೇ ಸಲಹೆ.

ಭಾಗ 6/10

ಈಗ ಮುಖ್ಯ ವಿಷಯ. ಕಂತು.

ಮಾವ ಹಾಕೋ ಬಲೆಗೆ ಅಲ್ಲಿ ಕಂತಬಲೆ ಅಂತಾರೆ. ಮೀನಿಗೆ ಆ ಬಲೆ, ಮಾವನಿಗೆ ಈ ಕಂತು. ಎಂಜಿನ್ ತಗೊಂಡಿದ್ದು ಸಾಲದಲ್ಲಿ. ಯಾರ ಹತ್ತಿರ ಅಂತ ಬೇಡ. ಪ್ರತಿ ತಿಂಗಳು 5ನೇ ತಾರೀಕು ಕಟ್ಟಬೇಕು. ಜನವರಿ 5ಕ್ಕೂ ಅಷ್ಟೇ, ಜುಲೈ 5ಕ್ಕೂ ಅಷ್ಟೇ.

ಲೆಕ್ಕ ಸುಲಭ ಆಗ್ಲಿ ಅಂತ ಒಂದು ಉದಾಹರಣೆ ತಗೊಳ್ಳೋಣ. ವರ್ಷಕ್ಕೆ 60,000 ರೂಪಾಯಿ ಕಟ್ಟಬೇಕು ಅಂದ್ಕೊಳ್ಳಿ. ಹನ್ನೆರಡು ಕಂತಾದ್ರೆ ತಿಂಗಳಿಗೆ 5,000. ಎಂಟು ಕಂತಾದ್ರೆ 7,500. ಎರಡೂ ವರ್ಷಕ್ಕೆ ಅದೇ 60,000.

ಮೊದಲನೇ ಥರದಲ್ಲಿ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ನಾಲ್ಕು ಕಂತು, ಅಂದ್ರೆ 20,000, ಆದಾಯ ಇಲ್ಲದಾಗ ಕಟ್ಟಬೇಕು. ಎಲ್ಲಿಂದ? ಕೈಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದ್ಕೊಳ್ಳಿ. ಪ್ರತಿ ಕಂತಿಗೂ 5,000 ಎತ್ತಿ, ಎಲ್ಲವನ್ನೂ ಡಿಸೆಂಬರ್ 5ಕ್ಕೆ ತೀರಿಸಿದ್ರೆ, ಕ್ರಮವಾಗಿ ಆರು, ಐದು, ನಾಲ್ಕು, ಮೂರು ತಿಂಗಳ ಬಡ್ಡಿ. ಒಟ್ಟು ಹದಿನೆಂಟು ತಿಂಗಳು, ತಿಂಗಳಿಗೆ 150. ಅಂದ್ರೆ 2,700 ರೂಪಾಯಿ.

ಅದೇ ನಾಲ್ಕು ಕಂತನ್ನ ಸಾಲ ಕೊಟ್ಟವರೇ ಡಿಸೆಂಬರ್‌ಗೆ ಮುಂದೂಡಿ, ವರ್ಷಕ್ಕೆ 12ರ ಲೆಕ್ಕದಲ್ಲಿ ಸರಳ ಬಡ್ಡಿ ಹಾಕಿದ್ರೆ? ತಿಂಗಳಿಗೆ 50, ಹದಿನೆಂಟು ತಿಂಗಳಿಗೆ 900. ಸಾಲ ಕೊಟ್ಟವರಿಗೆ ಬಡ್ಡಿ ಬಂತು, ನಷ್ಟ ಆಗ್ಲಿಲ್ಲ. ಮಾವನಿಗೆ 1,800 ಉಳೀತು. ಒಂದು ಬಲೆಯ ರಿಪೇರಿ ಖರ್ಚು ಅದು.

ಇಲ್ಲಿ ಯಾರೂ ಸಾಲ ಮನ್ನಾ ಕೇಳ್ತಿಲ್ಲ. ಬಡ್ಡಿ ಕಡಿಮೆ ಮಾಡಿ ಅಂತಲೂ ಕೇಳ್ತಿಲ್ಲ. ಕೇಳ್ತಿರೋದು ತಾರೀಕು ಮಾತ್ರ.

ಭಾಗ 7/10

ದುಡ್ಡಿನ ಮಾತು ಬಿಡಿ, ಇದಕ್ಕಿಂತ ದೊಡ್ಡದು ಇನ್ನೊಂದಿದೆ.

ಮಳೆಗಾಲದ ನಿಷೇಧ ದೊಡ್ಡ ಬೋಟುಗಳಿಗೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಮೋಟಾರ್ ಇರೋ ನಾಡದೋಣಿಗೆ ನಿಷೇಧ ಇಲ್ಲ. ಗುಂಪಾಗಿ ಹೋಗೋ ದೊಡ್ಡ ನಾಡದೋಣಿಗಳು ಕಡಲು ಸ್ವಲ್ಪ ತಣ್ಣಗಾದ ದಿನ ನೋಡ್ಕೊಂಡು ಹೋಗ್ತವೆ, ಅದೃಷ್ಟ ಇದ್ರೆ ಮಳೆಗಾಲದಲ್ಲೇ ಸಿಗಡಿ ಸಿಗುತ್ತೆ. ಮಾವನ ಇಬ್ಬರ ದೋಣಿಗೂ ಕಾಗದದ ಮೇಲೆ ಅಡ್ಡಿ ಇಲ್ಲ. ಅಡ್ಡ ಇರೋದು ಅಳಿವೆ. ಜುಲೈನಲ್ಲಿ ಗಾಳಿಯೂ ಅಲೆಯೂ ದಡದ ಕಡೆಗೇ ನುಗ್ಗುತ್ತೆ, ಹೊಳೆ ತುಂಬಿ ಎದುರಿಂದ ಹರಿಯುತ್ತೆ. ಎರಡೂ ಸೇರೋ ಜಾಗದಲ್ಲಿ ಸಣ್ಣ ದೋಣಿ ಮಗುಚೋಕೆ ಒಂದು ಅಲೆ ಸಾಕು.

ಕಂತಿನ ತಾರೀಕು ಇಲ್ಲದಿದ್ರೆ ಮಾವ ಅಂಥ ದಿನ ಕಡಲು ನೋಡಿ, ಚಹಾ ಕುಡಿದು, ಬಲೆ ಹೊಲಿಯೋಕೆ ಕೂರ್ತಾರೆ. ಕಂತಿನ ತಾರೀಕು ನಾಳೆ ಅಂದ್ರೆ? ಅದೇ ಕಡಲು ಸ್ವಲ್ಪ ತಣ್ಣಗಿರೋ ಹಾಗೆ ಕಾಣೋಕೆ ಶುರುವಾಗುತ್ತೆ.

ಅತ್ತೆ ಜುಲೈನಲ್ಲಿ ಯಾಕೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಅಂಗಳದಲ್ಲಿ ಕೂರ್ತಾರೆ ಅಂತ ನನಗೆ ತುಂಬಾ ದಿನ ಗೊತ್ತಿರಲಿಲ್ಲ. ಮಾವ ಎಂಜಿನ್ ಹೊತ್ತುಕೊಂಡು ಹೊರಟ್ರೆ ತಡೆಯೋಕೆ.

ಕಾಲೇಜಲ್ಲಿ ರಿಸ್ಕ್ ಅಂದ್ರೆ ಸಾಲ ಕೊಟ್ಟವರ ದುಡ್ಡು ವಾಪಸ್ ಬರದೇ ಇರೋ ಸಾಧ್ಯತೆ ಅಂತ ಓದ್ತೀವಿ. ಸಾಲ ತಗೊಂಡವರು ವಾಪಸ್ ಬರದೇ ಇರೋ ಸಾಧ್ಯತೆ ಯಾವ ಚಾಪ್ಟರಲ್ಲಿದೆ?

"ಮಾವ, ಅವರಿಗೆ ಸೀಸನ್ ಬಗ್ಗೆ ಹೇಳಿ ನೋಡಬಾರದಾ?" ಅಂತ ಕೇಳಿದ್ದೆ. "ಹೇಳ್ದೆ. 5ನೇ ತಾರೀಕ್ ಅಂದ್ರೆ 5ನೇ ತಾರೀಕ್ ಅಂದ್ರ್. ಕಡ್ಲಿಗ್ ಎಂತ ತಾರೀಕ್ ಗೊತ್ತಿತ್ತಾ ಮಗಾ?" ಅಂದ್ರು.

ಭಾಗ 8/10

"ಇದೆಲ್ಲ ಆಗೋ ಮಾತಲ್ಲ, ಬ್ಯಾಂಕ್ ನಿಯಮ ಹಾಗಿಲ್ಲ" ಅನ್ನೋರಿಗೆ ಐದು ಉದಾಹರಣೆ. ಐದೂ ಈಗಾಗಲೇ ಇರೋ ವ್ಯವಸ್ಥೆಗಳು.

ಒಂದು, ಬೆಳೆ ಸಾಲ. ಸಾಮಾನ್ಯ ಸಾಲ 90 ದಿನ ಬಾಕಿ ಉಳಿದ್ರೆ ಎನ್‌ಪಿಎ. ಅಲ್ಪಾವಧಿ ಬೆಳೆಯ ಸಾಲಕ್ಕೆ ಆರ್‌ಬಿಐ ದಿನ ಎಣಿಸಲ್ಲ, ಎರಡು ಬೆಳೆ ಹಂಗಾಮು ಬಾಕಿ ಉಳಿದ್ರೆ ಮಾತ್ರ ಎನ್‌ಪಿಎ. ಅಂದ್ರೆ ಕಾಲ ಅಳೆಯೋಕೆ ಹಂಗಾಮನ್ನೂ ಬಳಸಬಹುದು ಅಂತ ಆಯ್ತು.

ಎರಡು, ಕಿಸಾನ್ ಕ್ರೆಡಿಟ್ ಕಾರ್ಡ್. 2018–19ರ ಬಜೆಟ್‌ನಲ್ಲಿ ಇದನ್ನ ಮೀನುಗಾರರಿಗೂ ವಿಸ್ತರಿಸಿದ್ರು, 2019ರ ಫೆಬ್ರವರಿಯಲ್ಲಿ ಆರ್‌ಬಿಐ ಸುತ್ತೋಲೆ ಬಂತು. ಆದಾಯ ಯಾವಾಗ ಹೇಗೆ ಬರುತ್ತೋ ಅದಕ್ಕೆ ತಕ್ಕಂತೆ ಮರುಪಾವತಿ ಅನ್ನೋದು ಅದರಲ್ಲೇ ಇದೆ. ಆದ್ರೆ ಅದು ಇಂಧನ, ಐಸ್, ಕೂಲಿಯಂಥ ದಿನದ ಖರ್ಚಿಗೆ, ವರ್ಕಿಂಗ್ ಕ್ಯಾಪಿಟಲ್‌ಗೆ. ದೋಣಿ, ಎಂಜಿನ್ ಕೊಳ್ಳೋ ಸಾಲಕ್ಕೂ ಅದೇ ಬುದ್ಧಿ ಯಾಕೆ ಬೇಡ?

ಮೂರು, ಬಸ್ಸು. ಇಷ್ಟು ತಿಂಗಳು ಓಡಿಸಲ್ಲ ಅಂತ ದಾಖಲೆ ಆರ್‌ಟಿಒಗೆ ಒಪ್ಪಿಸಿದ್ರೆ ಆ ಅವಧಿಗೆ ರಸ್ತೆ ತೆರಿಗೆ ವಿನಾಯಿತಿ ಪಡೆಯೋ ದಾರಿ ನಮ್ಮ ರಾಜ್ಯದಲ್ಲಿದೆ. ನಿಂತ ಗಾಡಿ ನಿಂತಿದೆ ಅಂತ ಕಾನೂನು ಒಪ್ಪುತ್ತೆ.

ನಾಲ್ಕು, ದೊಡ್ಡ ಹಡಗುಗಳ ವಿಮೆ. ಹಡಗು ಬಂದರಲ್ಲಿ ಕೆಲಸ ಇಲ್ಲದೆ ನಿಂತ ಅವಧಿಗೆ ಪ್ರೀಮಿಯಂನ ಒಂದು ಭಾಗ ವಾಪಸ್ ಕೊಡೋ ಷರತ್ತು ಲಂಡನ್ನಿನ ವಿಮಾ ಕರಾರುಗಳಲ್ಲಿ ಇದೆ. ಚಳಿ ದೇಶಗಳಲ್ಲಿ ಮೋಜಿಗೆ ಹಾಯಿದೋಣಿ ಇಟ್ಟುಕೊಂಡವರೂ ಚಳಿಗಾಲದಲ್ಲಿ ಅದನ್ನ ಮೇಲೆತ್ತಿ ಇಡ್ತಾರೆ, ವಿಮೆಯಲ್ಲೂ ಆ ತಿಂಗಳುಗಳನ್ನ ಬೇರೆಯಾಗೇ ಬರೀತಾರೆ. ಮೋಜಿನ ದೋಣಿಗೆ ಸಿಗೋ ಮರ್ಯಾದೆ ಹೊಟ್ಟೆಪಾಡಿನ ದೋಣಿಗೂ ಸಿಗಲಿ.

ಐದು, ನಾವೆಲ್ಲ ಕಂಡಿದ್ದು. 2020ರ ಮಾರ್ಚ್ 27ರಂದು ಆರ್‌ಬಿಐ ಮೂರು ತಿಂಗಳ ಕಂತು ಮುಂದೂಡೋಕೆ ಅವಕಾಶ ಕೊಡ್ತು, ಆಮೇಲೆ ಆಗಸ್ಟ್ 31ರವರೆಗೆ ವಿಸ್ತರಿಸ್ತು. ಬಡ್ಡಿ ಓಡ್ತಾ ಇತ್ತು, ಕಂತು ನಿಂತಿತ್ತು. ನಾವಾಗ ಆನ್‌ಲೈನ್ ಕ್ಲಾಸಲ್ಲಿದ್ವಿ. ಮನೆಯಲ್ಲಿ ಅಪ್ಪ ಅಮ್ಮ ನಿಟ್ಟುಸಿರು ಬಿಟ್ಟಿದ್ದು ನೆನಪಿರಬಹುದು. ಸಂಬಳದವರಿಗೆ ಅದು ಒಂದೇ ಒಂದು ವರ್ಷ. ಸಣ್ಣ ದೋಣಿಯವರಿಗೆ ಪ್ರತಿ ವರ್ಷ ಲಾಕ್‌ಡೌನ್, ತಾರೀಕು ಮೊದಲೇ ಗೊತ್ತಿರೋ ಲಾಕ್‌ಡೌನ್.

ಭಾಗ 9/10

ಎದುರು ವಾದಗಳನ್ನೂ ನೋಡೋಣ, ನ್ಯಾಯ ಅಂದ್ರೆ ನ್ಯಾಯ.

"ಸೀಸನ್‌ನಲ್ಲೇ ಉಳಿಸಿಟ್ರೆ ಆಗಲ್ವಾ?" ಆಗಬೇಕು. ದೋಣಿಯವರಿಗೂ ಜವಾಬ್ದಾರಿ ಇದೆ. ಸರ್ಕಾರದ ಉಳಿತಾಯ ಮತ್ತು ಪರಿಹಾರ ಯೋಜನೆಯ ಬುದ್ಧಿಯೂ ಅದೇ. ಮೀನುಗಾರರು ಸೀಸನ್‌ನಲ್ಲಿ 1,500 ರೂಪಾಯಿ ಕಟ್ಟಬೇಕು, ಕೇಂದ್ರ ಮತ್ತು ರಾಜ್ಯ ಸೇರಿ 3,000 ಹಾಕುತ್ತವೆ, ಒಟ್ಟು 4,500 ಮೀನಿಲ್ಲದ ಮೂರು ತಿಂಗಳಿಗೆ. ಯೋಚನೆ ತುಂಬಾ ಸರಿ, ಮೊತ್ತ ತುಂಬಾ ಸಣ್ಣದು. ತಿಂಗಳಿಗೆ 1,500 ಅಂದ್ರೆ ನಮ್ಮಲ್ಲಿ ಕೆಲವರ ಪಾಕೆಟ್ ಮನಿ.

ಉಳಿತಾಯಕ್ಕೆ ಇನ್ನೊಂದು ಕಷ್ಟ ಇದೆ. ಅಕ್ಟೋಬರ್‌ನಲ್ಲಿ ಬರೋ ದುಡ್ಡು ಮೊದಲು ಹೋಗೋದು ಜುಲೈನ ಕೈಸಾಲಕ್ಕೆ. ಹಿಂದಿನ ಮಳೆಗಾಲದ ಸಾಲ ತೀರಿಸ್ತಾ ತೀರಿಸ್ತಾ ಮುಂದಿನ ಮಳೆಗಾಲ ಬಂದುಬಿಡುತ್ತೆ. ಕಂತು ಸೀಸನ್‌ಗೆ ಹೊಂದಿಕೊಂಡ್ರೆ ಈ ಗಂಟು ಮೊದಲ ವರ್ಷವೇ ಸಡಿಲ ಆಗುತ್ತೆ.

"ಒಳ್ಳೆ ತಿಂಗಳಲ್ಲಿ 7,500 ಕಟ್ಟೋಕೆ ಆಗದಿದ್ರೆ?" ಸರಿಯಾದ ಪ್ರಶ್ನೆ. ಚಂಡಮಾರುತದ ತಿಂಗಳು ಆಗದೇ ಇರಬಹುದು. ಅದಕ್ಕೆ ಆದಾಯದ ಪುಸ್ತಕ ಬೇಕು, ದಿನಾ ಬರೆದಿರಬೇಕು. ಪುಸ್ತಕ ಇಲ್ಲದೆ "ನಮ್ಮ ಸೀಸನ್ ಹೀಗೆ" ಅಂದ್ರೆ ಯಾವ ಮ್ಯಾನೇಜರೂ ನಂಬಲ್ಲ. ಮಾವನ ದೋಣಿಗೆ ಕಳೆದ ಸೆಪ್ಟೆಂಬರ್‌ನಿಂದ ನಾನೇ ಫೋನಲ್ಲಿ ಲೆಕ್ಕ ಬರೀತಿದ್ದೀನಿ. ಅತ್ತೆ ರಾತ್ರಿ ವಾಯ್ಸ್ ಮೆಸೇಜ್ ಕಳಿಸ್ತಾರೆ: ಇಷ್ಟು ಮೀನು, ಇಷ್ಟು ರೇಟು, ಇಷ್ಟು ಇಂಧನ. ನಾನು ಶೀಟಲ್ಲಿ ಹಾಕ್ತೀನಿ.

ಇನ್ನೊಂದು ಮಾತು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸಣ್ಣ ಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂತು. ಬೇಕಾಗಿತ್ತು. ಆದ್ರೆ ಅದು ಬಾಗಿಲು ಬಡಿಯೋ ರೀತಿಯನ್ನ ತಡೆಯುತ್ತೆ, ಬಡಿಯೋ ತಾರೀಕನ್ನಲ್ಲ.

ಭಾಗ 10/10

ಕೊನೇದಾಗಿ, ಇದು ನಿಮಗೆ ಯಾಕೆ.

ಮಾವನ ಮಗನಿಗೆ ನನ್ನದೇ ವಯಸ್ಸು. ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಪೀಣ್ಯದಲ್ಲಿ ಕೆಲಸ ಸಿಗುತ್ತೆ, ದೋಣಿ ಮಾರಿಬಿಡೋಣ ಅಂತ ಮನೆಯಲ್ಲಿ ಮಾತು ನಡೀತಿದೆ. ನೀನು ಕಾಮರ್ಸ್ ಓದಿದೋಳು, ನೀನೇ ಹೇಳು ಅಂತ ಅಮ್ಮ ಫೋನ್ ನನ್ನ ಕೈಗೆ ಕೊಟ್ರು.

ನಾನು ಹೇಳಿದ್ದು: ಜುಲೈನಲ್ಲಿ ತೀರ್ಮಾನ ಬೇಡ. ಎಲ್ಲ ದೋಣಿ ದಡದಲ್ಲಿ ಇರೋವಾಗ ಮಾರೋಕೆ ಹೋದ್ರೆ ಕೊಳ್ಳೋರೇ ರೇಟು ಹೇಳ್ತಾರೆ. ಹನ್ನೆರಡು ತಿಂಗಳ ಪುಸ್ತಕ ಪೂರ್ತಿ ಆಗ್ಲಿ. ಒಂದು ಕಡೆ ದೋಣಿಯ ವರ್ಷದ ನಿವ್ವಳ ಬರೀರಿ, ಎಂಜಿನ್ ಸವಕಳಿ ಕಳೆದೇ ಬರೀರಿ. ಇನ್ನೊಂದು ಕಡೆ ಪೀಣ್ಯದ ಸಂಬಳದಲ್ಲಿ ರೂಮ್ ಬಾಡಿಗೆ, ಊಟ, ಊರಿಗೆ ಬಸ್ ಚಾರ್ಜ್ ಕಳೆದು ಉಳಿಯೋದು ಬರೀರಿ. ಆಮೇಲೆ ಬರೋದಾದ್ರೆ ಬರಲಿ, ನಮ್ಮ ಮನೆಯಲ್ಲಿ ಒಂದು ಚಾಪೆ ಇದ್ದೇ ಇದೆ. ಹೊಸ ಬದುಕು ಬೇಕು ಅಂತ ಬಂದ್ರೆ ಸಂತೋಷ. ಒಂದು ಕಂತಿನ ತಾರೀಕಿಗೆ ಹೆದರಿ ಬರೋದು ಬೇಡ.

ಇನ್ನು ಕ್ಲಾಸಿನವರೇ, ನಿಮಗೆ. ಇನ್ನೆರಡು ವರ್ಷದಲ್ಲಿ ನಮ್ಮಲ್ಲಿ ಅರ್ಧ ಜನ ಬ್ಯಾಂಕಲ್ಲಿ, ಫೈನಾನ್ಸ್ ಕಂಪನಿಯಲ್ಲಿ, ಯಾವುದೋ ಲೋನ್ ಆಪ್ ಆಫೀಸಲ್ಲಿ ಕೂತಿರ್ತೀವಿ. ಟೇಬಲ್ಲಿನ ಆ ಕಡೆ ಒಬ್ಬರು ಬಂದು ಕೂರ್ತಾರೆ. ದೋಣಿಯವರು ಇರಬಹುದು, ಕಬ್ಬಿನ ಹಾಲಿನವರು ಇರಬಹುದು, ಶಾಮಿಯಾನದವರು, ಗಣಪತಿ ಮಾಡೋರು, ಪೀಣ್ಯದ ಸಣ್ಣ ಶೆಡ್ಡಿನವರು. ನಮ್ಮ ಮುಂದಿನ ಫಾರ್ಮಲ್ಲಿ "ಮಾಸಿಕ ಆದಾಯ" ಅಂತ ಒಂದು ಖಾನೆ ಇರುತ್ತೆ. ಅವರು ಒಂದು ಕ್ಷಣ ತಡವರಿಸ್ತಾರೆ, ಆಮೇಲೆ ಬಾಯಿಗೆ ಬಂದ ಒಂದು ನಂಬರ್ ಹೇಳ್ತಾರೆ. ನಾವು ಅದನ್ನ ಬರ್ಕೊಂಡು ಮುಂದಿನ ಖಾನೆಗೆ ಹೋಗ್ತೀವಿ. ತಪ್ಪು ಶುರುವಾಗೋದು ಅಲ್ಲೇ.

ಆಗ ಪೆನ್ನು ಕೆಳಗಿಟ್ಟು ಇನ್ನೊಂದು ಪ್ರಶ್ನೆ ಕೇಳಿ: "ಯಾವ ಯಾವ ತಿಂಗಳು ಬರುತ್ತೆ, ಯಾವ ತಿಂಗಳು ಬರಲ್ಲ?" ಉತ್ತರವನ್ನ ಫಾರ್ಮಿನ ಅಂಚಿನಲ್ಲಾದ್ರೂ ಬರೀರಿ. ಮ್ಯಾನೇಜರ್ ಯಾಕೆ ಅಂದ್ರೆ ಬೆಳೆ ಸಾಲದ ನಿಯಮ ತೋರಿಸಿ. ನಿಯಮ ಬದಲಾಯಿಸೋ ಕುರ್ಚಿ ನಮಗೆ ಸಿಗೋಕೆ ಇನ್ನೂ ವರ್ಷಗಳಿವೆ. ಈ ಪ್ರಶ್ನೆ ಕೇಳೋ ಕುರ್ಚಿ ಬೇಗ ಸಿಗುತ್ತೆ.

ನಿಮ್ಮ ಮನೆಯ ದುಡಿಮೆಗೂ ಸೀಸನ್ ಇದ್ರೆ ಕಮೆಂಟಲ್ಲಿ ಬರೀರಿ: ಯಾವ ಕೆಲಸ, ಯಾವ ತಿಂಗಳು ಖಾಲಿ. ಹನ್ನೆರಡು ತಿಂಗಳ ಶೀಟ್ ಮಾಡೋದು ಹೇಗೆ ಅಂತ ಕೇಳಿದವರಿಗೆ ನನ್ನ ಶೀಟ್ ಕಳಿಸ್ತೀನಿ, ಹೆಸರು, ನಂಬರ್ ತೆಗೆದು. ಟೆಸ್ಟ್ ಮುಗಿದ ಮೇಲೆ ಮಾತ್ರ, ಈ ವಾರ ಕಾಸ್ಟಿಂಗ್ ಇದೆ.

#ಜಾಲಹಳ್ಳಿ #ಗಂಗೊಳ್ಳಿ #ಹಾಯಿದೋಣಿ #ಬಿಕಾಂಕಥೆ